ಪುದುಕ್ಕೋಟೈ ಹೆಂಗಸರು ಸೈಕಲ್ ಹತ್ತಿದಾಗ

ಸೀರೆ ಉಟ್ಕೊಂಡು, ಅಡ್ಡಕಂಬಿ ಇರೋ ಗಂಡಸರ ಸೈಕಲ್ ಓಡಿಸೋಕಾಗುತ್ತಾ? ತಮಿಳುನಾಡಿನ ಪುದುಕ್ಕೋಟೈ ಹೆಂಗಸರನ್ನ ಕೇಳಬೇಕು.

1991. ಜಿಲ್ಲೇಲಿ ‘ಅರಿವೊಳಿ ಇಯಕ್ಕಂ’ ಅನ್ನೋ ಸಾಕ್ಷರತಾ ಆಂದೋಲನ ಜೋರಾಗಿತ್ತು. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್, ಅಕ್ಷರದ ಜೊತೆಗೇ ಸೈಕಲ್ ಕಲಿಕೆಯನ್ನೂ ಸೇರಿಸಿದ್ರು. ಕೂಲಿಯವರು, ಕಲ್ಲು ಕ್ವಾರಿಯಲ್ಲಿ ದುಡಿಯೋರು, ಅಂಗನವಾಡಿಯವರು, ಟೀಚರ್‌ಗಳು ಎಲ್ಲಾ ಬಂದ್ರು. ಊರವರು ಆಡಿಕೊಳ್ಳದೆ ಬಿಡ್ತಾರಾ? ಆಡಿಕೊಂಡ್ರು. ಇವರು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಲಿತವಳು ಇನ್ನೊಬ್ಬಳಿಗೆ ಕಲಿಸಿದಳು. ಹೀಗೇ ಲಕ್ಷಕ್ಕೂ ಹೆಚ್ಚು ಹೆಂಗಸರು!

ಲೇಡೀಸ್ ಸೈಕಲ್ ಸಾಲದೆ ಹೋದಾಗ ಗಂಡಸರದ್ದನ್ನೇ ಹಿಡಿದ್ರು. ಕೆಲವರಿಗಂತೂ ಅದೇ ಹಿಡಿಸಿಬಿಡ್ತು. ಯಾಕೆ ಗೊತ್ತಾ? ಆ ಅಡ್ಡಕಂಬಿ ಮೇಲೆ ಮಗುವನ್ನ ಕೂರಿಸಬಹುದು! ಹಿಂದಿನ ಕ್ಯಾರಿಯರ್‌ಗೆ ನೀರಿನ ಕೊಡ. ಬಸ್ಸಿಗೆ ಕಾಯೋದು, ‘ಸ್ವಲ್ಪ ಬಿಟ್ಟು ಬನ್ನಿ’ ಅಂತ ಗಂಡನನ್ನೋ ಅಣ್ಣನನ್ನೋ ಗೋಗರೆಯೋದು ಕಮ್ಮಿ ಆಯ್ತು. ಹೆಣ್ಣುಮಕ್ಕಳ ಧೈರ್ಯದ ಬಗ್ಗೆ ಮಾಡೋ ಹತ್ತು ಭಾಷಣಕ್ಕಿಂತ ಇದೇ ದೊಡ್ಡದು ಅಂತೀನಿ ನಾನು.

ನಿಮ್ಮನೇಲಿ ಅಮ್ಮನೋ ಅತ್ತಿಗೆಯೋ ಸೈಕಲ್ ಕಲಿತಿಲ್ವಾ? ಈ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಕರ್ಕೊಂಡು ಹೋಗಿ. ಸೀಟು ನೀವು ಹಿಡ್ಕೊಳ್ಳಿ.