ನಮ್ಮ ಕೈಗೆ ತಕ್ಕ ಮಚ್ಚು

ಮಚ್ಚು ಇಲ್ಲದ ರೈತರ ಮನೆ ಉಂಟೇ? ಬೇಲಿಗೆ ಮುಳ್ಳು ಕಡಿಯಬೇಕು. ಒಲೆಗೆ ಸೌದೆ ಬೇಕು. ಮೇಕೆಗೆ ಸೊಪ್ಪು ಬೇಕು. ತೆಂಗಿನ ಗರಿ ಸೀಳಬೇಕು, ಎಳನೀರು ಕೆತ್ತಬೇಕು. ಎಲ್ಲಕ್ಕೂ ಮಚ್ಚೇ ಆಗಬೇಕು.

ಊರಿಂದ ಊರಿಗೆ ಇದರ ಹೆಸರು ಬೇರೆ. ಮೈಸೂರು, ಮಂಡ್ಯದ ಕಡೆ ಮಚ್ಚು ಅಂತಾರೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕತ್ತಿ ಅಂತಾರೆ. ಕೊಡಗಿನಲ್ಲಿ ಅಗಲವಾದ ಒಡಿಕತ್ತಿ ಇದೆ. ಹಿಂದೆ ಅದು ಯುದ್ಧದ ಆಯುಧ. ಈಗ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೆ ಹಿಡಿಯುತ್ತಾರೆ. ನಾವು ಹೇಳುತ್ತಿರುವುದು ಹೊಲದಲ್ಲಿ ದಿನವೂ ದುಡಿಯುವ ಮಚ್ಚಿನ ಮಾತು.

ಮಚ್ಚು ಹಿಡಿದು ಕೆಲಸ ಮಾಡುವವರು ನಾವು. ಅದನ್ನು ಕೊಳ್ಳುವವರು ಯಾರು? ಹೆಚ್ಚಾಗಿ ಗಂಡಸರು. ಸಂತೆಯಲ್ಲಿ ತಮ್ಮ ಕೈಗೆ ಹಿಡಿದು ನೋಡಿ ತರ್ತಾರೆ. ಇಲ್ಲದಿದ್ದರೆ ಹಳೆಯದು, ಹಿಡಿ ಅಲುಗಾಡುವುದು ನಮ್ಮ ಪಾಲಿಗೆ ಬರ್ತದೆ. ಸಂಜೆ ಮಣಿಕಟ್ಟು ನೋವು, ತೋಳು ನೋವು. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾಗ್ತೇವೆ. ಎಷ್ಟೋ ಸಲ ತಪ್ಪು ಮಚ್ಚಿನದೇ ಇರ್ತದೆ. ಆದ್ದರಿಂದ ಮುಂದಿನ ಸಲ ನಾವೇ ಸಂತೆಗೆ ಹೋಗೋಣ. ಹತ್ತಿರ ಕುಲುಮೆ ಇದ್ದರೆ ಅಲ್ಲಿಗೇ ಹೋಗುವುದು ಇನ್ನೂ ಒಳ್ಳೇದು.

ಯಾವ ಕೆಲಸಕ್ಕೆ ಮಚ್ಚು ಬೇಕು? ಮೊದಲು ಅದನ್ನು ಯೋಚಿಸಬೇಕು. ಸೊಪ್ಪು, ಮುಳ್ಳು, ಹೆಬ್ಬೆರಳಿನ ದಪ್ಪದ ಕೊಂಬೆ, ಇಷ್ಟಕ್ಕಾದರೆ ತೆಳುವಾದ ಹಗುರ ಮಚ್ಚು ಸಾಕು. ಅದರ ತುದಿ ಕೊಕ್ಕಿನ ಹಾಗೆ ಒಳಕ್ಕೆ ಬಾಗಿರಲಿ. ಮುಳ್ಳಿನ ಕೊಂಬೆಯನ್ನು ಆ ಕೊಕ್ಕಿನಿಂದಲೇ ಎಳೆದುಕೊಳ್ಳಬಹುದು. ಕೈ ಮುಳ್ಳಿಗೆ ಹೋಗುವುದಿಲ್ಲ. ಬುಡಕ್ಕೆ ಹೊಡೆಯುವಾಗ ಕೊಕ್ಕೇ ಮೊದಲು ನೆಲಕ್ಕೆ ತಗಲ್ತದೆ, ಮಚ್ಚಿನ ಬಾಯಿ ಉಳೀತದೆ. ಎಳನೀರಿಗೆ, ಸೌದೆಗೆ ಅಗಲವಾದ, ಬೆನ್ನು ದಪ್ಪ ಇರುವ ಮಚ್ಚು ಬೇಕು. ದೊಡ್ಡ ದಿಮ್ಮಿಗೆ ಮಚ್ಚು ಬೇಡವೇ ಬೇಡ. ಅದು ಕೊಡಲಿಯ ಕೆಲಸ.

ಆಮೇಲೆ ತೂಕ. ಮಚ್ಚನ್ನು ತಕ್ಕಡಿಗೆ ಹಾಕಿಸಬೇಕು. ಅಂಕಿ ಓದಲು ನಮಗೆ ಈಗ ಬರ್ತದಲ್ಲ! ಒಂದು ಲೆಕ್ಕ ಮಾಡಿ ನೋಡೋಣ. ಬೇಲಿ ಸವರುವಾಗ ನಾವು 500 ಸಲ ಕೈ ಎತ್ತುತ್ತೇವೆ ಅಂತ ಇಟ್ಟುಕೊಳ್ಳಿ. ಮಚ್ಚು 1 ಕೆ.ಜಿ. ಇದ್ದರೆ ಒಟ್ಟು 500 ಕೆ.ಜಿ. ಎತ್ತಿದ ಹಾಗಾಯ್ತು. 600 ಗ್ರಾಂ ಇದ್ದರೆ 300 ಕೆ.ಜಿ. ಆಯ್ತು. ವ್ಯತ್ಯಾಸ ಎಷ್ಟು? 200 ಕೆ.ಜಿ. ಅಂದರೆ 50 ಕೆ.ಜಿ.ಯ ನಾಲ್ಕು ಮೂಟೆ!

ಭಾರದ ಮಚ್ಚು ಒಂದೇ ಏಟಿಗೆ ಕಡೀತದೆ ಅಂತ ಕೆಲವರು ಹೇಳ್ತಾರೆ. ದಪ್ಪ ಕೊಂಬೆಗೆ ಆ ಮಾತು ನಿಜ. ಸೊಪ್ಪಿಗೆ ಭಾರ ಬೇಡ, ಹರಿತ ಇದ್ದರೆ ಸಾಕು. ಅಂಗಡಿಯಲ್ಲೇ ಮಚ್ಚು ಹಿಡಿದು ಕೈ ಮುಂದಕ್ಕೆ ಚಾಚಿ. ನಿಧಾನವಾಗಿ 20 ಎಣಿಸಿ. ಅಷ್ಟರಲ್ಲಿ ಮಣಿಕಟ್ಟು ನಡುಗಿದರೆ ಆ ಮಚ್ಚು ನಮಗೆ ಬೇಡ. ಅಂಗಡಿಯವರು ನಕ್ಕರೆ ನಗಲಿ. ನಾಳೆ ಕೈ ನೋಯುವುದು ಅವರಿಗಲ್ಲ.

ಹಿಡಿ ಸರಿ ಇಲ್ಲದಿದ್ದರೆ ಎಂಥ ಒಳ್ಳೆ ಅಲಗೂ ದಂಡ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ಬೇರೆ ಬೆರಳಿನ ಮೇಲೆ ಬಂದು ಕೂರಬೇಕು. ಬೆರಳು ಕೂಡದಿದ್ದರೆ ಹಿಡಿ ದಪ್ಪ. ಉಗುರು ಅಂಗೈಗೆ ಚುಚ್ಚಿದರೆ ಹಿಡಿ ಸಣ್ಣ. ಹಿಡಿಯ ಕೊನೆ ಸ್ವಲ್ಪ ಉಬ್ಬಿರಲಿ, ಆಗ ಬೆವರಿದ ಕೈಯಿಂದ ಮಚ್ಚು ಜಾರುವುದಿಲ್ಲ. ಜಾಲಿ ಮರದ ಹಿಡಿ ಗಟ್ಟಿ, ಹುಣಸೆಯದೂ ಆಗಬಹುದು. ಪ್ಲಾಸ್ಟಿಕ್ ಪೈಪು ತೊಡಿಸಿದ ಹಿಡಿ ಬೆವರಿಗೆ ಜಾರ್ತದೆ.

ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅಂತ ಕೇಳಿ. ಅದು ಹಿಡಿಯ ಕೊನೆಯವರೆಗೂ ಹೋಗಿ, ಅಲ್ಲಿ ಬಗ್ಗಿಸಿ ಬಡಿದಿದ್ದರೆ ಒಳ್ಳೇದು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು. ಬಳೆ ಇಲ್ಲದಿದ್ದರೆ ಮರ ಸೀಳ್ತದೆ. ಬೀಸುವಾಗ ಅಲಗು ಕಳಚಿ ಹಾರಿದರೆ ಯಾರಿಗೆ ತಗಲ್ತದೋ ಏನೋ. ಪಕ್ಕದಲ್ಲಿ ಮಗು ಕೂತಿರ್ತದೆ.

ಇನ್ನು ಕಬ್ಬಿಣ. "ಇದು ಯಾವ ಕಬ್ಬಿಣ ಆಚಾರ್ರೇ?" ಅಂತ ಕೇಳಬೇಕು. "ಲಾರಿ ಪಟ್ಟಿ ಕಣವ್ವ" ಅಂದರೆ ಸಂತೋಷ. ಲಾರಿಯ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಬಾಗಿದ ಪಟ್ಟಿ ನೋಡಿದ್ದೀರಲ್ಲ, ಅದು ಉಕ್ಕು. ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು ಆಗ್ತದೆ. 100 ಪಾಲಿಗೆ ಸುಮಾರು ಅರ್ಧ ಪಾಲು ಇಂಗಾಲ, ಅಷ್ಟೇ. ಇಂಗಾಲ ತೀರಾ ಕಡಿಮೆ ಇರುವ ಮೆದು ಕಬ್ಬಿಣಕ್ಕೆ ಹದ ಕೂರುವುದಿಲ್ಲ.

ಹದ ಅಂದರೆ ಏನು? ಕಮ್ಮಾರರು ಅಲಗನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಬಹಳ ಗಟ್ಟಿಯಾಗ್ತದೆ. ಆದರೆ ಗಾಜಿನ ಹಾಗೆ ಪೆಡಸು, ಪೆಟ್ಟು ಬಿದ್ದರೆ ಮುರೀತದೆ. ಅದಕ್ಕೇ ಮತ್ತೆ ಮೆಲ್ಲಗೆ ಕಾಯಿಸ್ತಾರೆ. ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣ ಓಡ್ತದೆ. ಬೇಕಾದ ಬಣ್ಣ ಬಂದ ಕೂಡಲೇ ನಿಲ್ಲಿಸ್ತಾರೆ. ಇದೇ ಅವರ ಕಸಬು. ಹಿಂದೆ ಈ ಕೆಲಸಕ್ಕೆ ಸುಗ್ಗಿಯಲ್ಲಿ ಆಯ ಅಂತ ಧಾನ್ಯ ಕೊಡುತ್ತಿದ್ದರು. ಈಗ ಎಷ್ಟೋ ಊರಲ್ಲಿ ಕುಲುಮೆಯೇ ಆರಿದೆ.

ಹದ ಸರಿಯಾಗಿದೆಯೇ ಅಂತ ನೋಡುವುದು ಹೇಗೆ? ಒಂದು ಒಣ ಜಾಲಿ ಕಡ್ಡಿ ಕಡಿದು ನೋಡಿ. ಬಾಯಿ ಮಡಚಿದರೆ ಕಬ್ಬಿಣ ಮೆದು. ಬಾಯಿ ಚಕ್ಕೆ ಎದ್ದರೆ ಹದ ಮೀರಿದೆ. ಏನೂ ಆಗದಿದ್ದರೆ ತಗೊಳ್ಳಬಹುದು. ಹಿಡಿಯನ್ನು ಸಡಿಲವಾಗಿ ಹಿಡಿದು ಅಲಗಿಗೆ ಸಣ್ಣ ಕಲ್ಲಿನಿಂದ ತಟ್ಟಿ. ಟಣ್ ಅಂತ ಅಂದರೆ ಒಳ್ಳೇದು. ಒಡಕು ಸದ್ದು ಬಂದರೆ ಎಲ್ಲೋ ಬಿರುಕು ಇದ್ದೀತು, ಅಥವಾ ಹಿಡಿ ಸಡಿಲ ಇದ್ದೀತು. ಹೊಳಪು, ಬಣ್ಣ ನೋಡಿ ಮರುಳಾಗಬೇಡಿ. ಬಣ್ಣದ ಅಡಿಯಲ್ಲಿ ಬಿರುಕು ಕಾಣುವುದಿಲ್ಲ.

ಮನೆಗೆ ತಂದ ಮೇಲೆ ವಾರಕ್ಕೊಮ್ಮೆಯಾದರೂ ಮಸೆಯಬೇಕು. ಮೊಂಡು ಮಚ್ಚೇ ಹೆಚ್ಚು ಅಪಾಯ. ಅದು ಕೊಂಬೆಗೆ ಕಚ್ಚದೆ ಜಾರಿ ಕಾಲಿಗೆ ಬರ್ತದೆ. ಮಸೆಗಲ್ಲಿಗೆ ನೀರು ಹಾಕಿ, ಮನೆಯಲ್ಲೇ ಮಸೆಯಬಹುದು. ಚಕ್ರದ ಮೇಲೆ ಸಾಣೆ ಹಿಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕಿಡಿ ಹಾರಿ ಬಾಯಿ ನೀಲಿಗಟ್ಟಿದರೆ ಹದ ಹೋಯ್ತು ಅಂತಲೇ ತಿಳಿಯಿರಿ. ಆಗಾಗ ನೀರಿಗೆ ಅದ್ದಲು ಹೇಳಿ. ಕೆಲಸ ಮುಗಿದ ಮೇಲೆ ಸೊನೆ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಆಯುಧಪೂಜೆಯ ದಿನ ಕುಂಕುಮ ಇಟ್ಟು, ಮಿಕ್ಕ ದಿನ ಮಳೆಗೆ ಬಿಟ್ಟರೆ ತುಕ್ಕು ಸುಮ್ಮನಿರ್ತದೆಯೇ?

ಹೊಲಕ್ಕೆ ಒಯ್ಯುವಾಗ ಬಾಯಿಗೆ ಗೋಣಿ ಸುತ್ತಿ. ಸೌದೆ ಹೊರೆಯೊಳಗೆ ಸಿಕ್ಕಿಸಿ ತಲೆ ಮೇಲೆ ಹೊರಬಾರದು. ಕಡಿಯುವಾಗ ಕೊಂಬೆ ಹಿಡಿದ ಕೈ ಏಟು ಬೀಳುವ ಜಾಗದಿಂದ ಒಂದು ಮೊಳವಾದರೂ ದೂರ ಇರಲಿ.

ಕೈಕಾಲಿಗೆ ಪೆಟ್ಟು ಬಿದ್ದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈಯಾದರೆ ಮೇಲೆತ್ತಿ. ಸುಣ್ಣ, ಕಾಫಿ ಪುಡಿ, ಮಣ್ಣು ಯಾವುದನ್ನೂ ಹಾಕಬೇಡಿ. ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಆಗದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಗಾಯ ಸಣ್ಣದಾದರೂ ಮಣ್ಣು, ಸಗಣಿ ತಗುಲಿದ ಮಚ್ಚಿನಿಂದ ಧನುರ್ವಾಯು ಬರಬಹುದು. ಚುಚ್ಚುಮದ್ದು ಬೇಕೇ ಅಂತ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಿಂದಿನ ಚುಚ್ಚುಮದ್ದು ಯಾವ ವರ್ಷ ಹಾಕಿಸಿದ್ದು ಅಂತ ಕೇಳ್ತಾರೆ. ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿರಿ.