ಮಕ್ಕಳ ಕೈಗೆ ನಿಲುಕುವ ಅಲಂಕಾರ

ಮನೆಯನ್ನು ಚೆಂದವಾಗಿ ಇಟ್ಟುಕೊಳ್ಳಬೇಕೆಂಬ ಆಸೆ ಯಾರಿಗಿಲ್ಲ? ಮಣ್ಣಿನ ಮಾಳಿಗೆ ಮನೆಯಿರಲಿ, ತಗಡಿನ ಮನೆಯಿರಲಿ, ಸರಕಾರದ ಘರಕುಲ ಯೋಜನೆಯಲ್ಲಿ ಕಟ್ಟಿಸಿಕೊಂಡ ಸಣ್ಣ ಮನೆಯಿರಲಿ, ಹಬ್ಬ ಹತ್ತಿರ ಬಂತೆಂದರೆ ಜಾಡಿಸುವುದು, ತೊಳೆಯುವುದು, ಬಣ್ಣ ಬಳಿಯುವುದು ನಮ್ಮ ಕುಣಿಕೋಣೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ತಪ್ಪುವುದಿಲ್ಲ. ಈ ಸಡಗರದಲ್ಲಿ ಮನೆಯ ಚಿಕ್ಕ ಮಕ್ಕಳಿಗೆ ಸಿಗುವ ಪಾಲು ಯಾವುದು? "ಮುಟ್ಟಬ್ಯಾಡ", "ಹೊಲಸು ಮಾಡಬ್ಯಾಡ", "ಹೊರಗ ಹೋಗಿ ಆಡು" ಎಂಬ ಮಾತುಗಳು ಮಾತ್ರ. ಪೇಟೆಯಿಂದ ತಂದ ಪ್ಲಾಸ್ಟಿಕ್ ತೋರಣವನ್ನು ದೊಡ್ಡವರು ಕಟ್ಟುತ್ತಾರೆ, ಮಕ್ಕಳು ಕೆಳಗೆ ನಿಂತು ನೋಡುತ್ತಾರೆ. ಮಕ್ಕಳಿರುವ ಮನೆಯ ಅಲಂಕಾರವು ಮಕ್ಕಳ ಕೈಗೆ ನಿಲುಕುವಂತಿರಬೇಕೆಂದು ನಾವು ತಿಳಿದಿದ್ದೇವೆ. ಅದು ಏಕೆ, ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ನೆಲ ಮತ್ತು ಅಂಗಳ

ಅಲಂಕಾರ ಆರಂಭವಾಗುವುದು ನೆಲದಿಂದ. ಮಣ್ಣಿನ ನೆಲವನ್ನು ಹೆಂಡಿಯಿಂದ ಸಾರಿಸಿದರೆ ಧೂಳು ಏಳುವುದಿಲ್ಲ, ನೆಲ ಒಂದೇ ಬಣ್ಣದ್ದಾಗಿ ಕಾಣುತ್ತದೆ. ಈಗ ಬಹಳ ಮನೆಗಳಲ್ಲಿ ಫರಶಿ ಬಂದಿದೆ. ಆದರೂ ಬಾಗಿಲ ಮುಂದಿನ ಅಂಗಳ ಉಳಿದಿದೆ. ನೀರು ಚಿಮುಕಿಸಿ, ಗುಡಿಸಿ, ರಂಗೋಲಿ ಹಾಕುವ ಕೆಲಸವನ್ನು ನಾಲ್ಕೈದು ವರ್ಷದ ಮಗುವೂ ಪಕ್ಕದಲ್ಲಿ ಕುಳಿತು ಕಲಿಯಬಲ್ಲದು. ಗಂಡುಹುಡುಗರು ರಂಗೋಲಿ ಹಾಕಬಾರದೆಂಬ ಮಾತಿಗೆ ಅರ್ಥವಿಲ್ಲ.

ಚುಕ್ಕಿ ರಂಗೋಲಿ ಒಂದು ಗಣಿತದ ಪಾಠವೂ ಹೌದು. ನಡುವಿನ ಸಾಲಿನಲ್ಲಿ 7 ಚುಕ್ಕಿ ಇಟ್ಟು, ಅದರ ಮೇಲೆಯೂ ಕೆಳಗೆಯೂ 5, 3, 1 ಎಂದು ಇಡುತ್ತ ಹೋಗಿ. ಒಟ್ಟು ಎಷ್ಟಾಯಿತು? 25. ಇದನ್ನೇ ಬೇರೆ ರೀತಿಯಿಂದ ಎಣಿಸಿ: ಮೇಲಿನಿಂದ ನಡುವಿನ ಸಾಲಿನವರೆಗೆ 1, 3, 5, 7 ಕೂಡಿದರೆ 16, ಅಂದರೆ ನಾಲ್ಕು ನಾಲ್ಕಲೆ, ಉಳಿದ 5, 3, 1 ಕೂಡಿದರೆ 9, ಅಂದರೆ ಮೂರು ಮೂರಲೆ. ಒಂದರಿಂದ ಹಿಡಿದು ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿಸುತ್ತ ಹೋದರೆ ಯಾವಾಗಲೂ ವರ್ಗಸಂಖ್ಯೆ ಬರುತ್ತದೆ. ಬೀಜಗಣಿತದ ಪುಸ್ತಕದಲ್ಲಿ ಕಠಿಣವೆಂದು ಕಾಣುವ ಈ ನಿಯಮವನ್ನು ನಮ್ಮ ಅಜ್ಜಿಯಂದಿರು ನಿತ್ಯವೂ ಅಂಗಳದಲ್ಲಿ ಬಿಡಿಸುತ್ತ ಬಂದಿದ್ದಾರೆ. ಹೆಸರು ಮಾತ್ರ ಅವರಿಗೆ ಬೇಕಾಗಿರಲಿಲ್ಲ.

ಗೋಡೆ

ಗೋಡೆಗೆ ಅಗ್ಗವಾದ, ಒಳ್ಳೆಯದಾದ ಬಣ್ಣವೆಂದರೆ ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಸೋಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಗೋಡೆಗೆ ಬಳಿಯುತ್ತೇವೆ. ಗೋಡೆಯ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಮೊದಲಿನ ಕಲ್ಲಿನ ರೂಪಕ್ಕೆ ಬರುತ್ತದೆ. ಆದ್ದರಿಂದಲೇ ಬಳಿದ ದಿನಕ್ಕಿಂತ ಕೆಲವು ದಿನಗಳ ಮೇಲೆ ಸುಣ್ಣದ ಗೋಡೆ ಹೆಚ್ಚು ಗಟ್ಟಿ. ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಒಂದೇ ಸಲ ದಪ್ಪಗೆ ಬಳಿಯುವ ಬದಲು ತೆಳ್ಳಗೆ ಎರಡು ಸಲ ಬಳಿಯಬೇಕು. ಇಲ್ಲದಿದ್ದರೆ ಹಕ್ಕಳಿಕೆ ಏಳುತ್ತದೆ.

ಸುಣ್ಣ ಬಳಿಯುವುದು ದೊಡ್ಡವರ ಕೆಲಸ. ಗೋಡೆ ಚೆನ್ನಾಗಿ ಒಣಗಿದ ಮೇಲೆ ಮಕ್ಕಳ ಪಾಳಿ ಬರುತ್ತದೆ. ನೆಲದಿಂದ ಎರಡು ಮೂಳದ ಎತ್ತರದವರೆಗೆ ಹುರಮಂಜಿನ ಪಟ್ಟಿಯೊಂದನ್ನು ಬಳಿಯಿರಿ. ಹುರಮಂಜು ಎಂದರೆ ಕಬ್ಬಿಣದ ಆಕ್ಸೈಡ್ ಕೂಡಿದ ಕೆಂಪು ಮಣ್ಣು. ಅದಕ್ಕೆ ಬಿಸಿಲಿನಲ್ಲಿ ಬಣ್ಣಗುಂದುವ ಭಯವಿಲ್ಲ. ಆ ಕೆಂಪು ಪಟ್ಟಿಯ ಮೇಲೆ ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ, ತುದಿ ಜಜ್ಜಿದ ಕಡ್ಡಿಯಿಂದ ಮಕ್ಕಳು ತಮಗೆ ತೋಚಿದ್ದನ್ನು ಬರೆಯಲಿ. ಎತ್ತು ಬರೆಯಲಿ, ಟ್ರ್ಯಾಕ್ಟರ್ ಬರೆಯಲಿ, ತಮ್ಮ ಹೆಸರು ಬರೆಯಲಿ. ವರುಷಕ್ಕೊಮ್ಮೆ ಅದನ್ನು ಅಳಿಸಿ ಹೊಸದಾಗಿ ಬಳಿಯಬಹುದು. ತನ್ನದೆಂದು ಒಂದು ಪಟ್ಟಿ ಗೋಡೆ ಸಿಕ್ಕ ಮಗು ಉಳಿದ ಗೋಡೆಗೆ ಇದ್ದಿಲು ತಿಕ್ಕುವುದು ಕಡಿಮೆಯಾಗುತ್ತದೆ.

ಇದು ಹೊಸ ಮಾತಲ್ಲ. ನಮ್ಮದೇ ರಾಜ್ಯದ ಪಾಲಘರ, ಠಾಣೆ ಜಿಲ್ಲೆಗಳ ವಾರಲಿ ಜನರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಚಿತ್ರಗಳು ಇಂದು ಜಗತ್ತಿಗೆಲ್ಲ ಗೊತ್ತು. ಮದುವೆಯ ಹೊತ್ತಿನಲ್ಲಿ ಮನೆಯ ಹೆಂಗಸರು ಬರೆಯುತ್ತಿದ್ದ ಆ ಚಿತ್ರಗಳನ್ನು ಹೊರಗಿನವರಿಗೆ ತೋರಿಸಿಕೊಟ್ಟ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂದಿತು. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವೂ ಇಂಥದೇ. ವೃತ್ತ, ತ್ರಿಕೋನ, ಗೆರೆ ಇಷ್ಟು ಬಂದರೆ ವಾರಲಿಯವರಂತೆ ಮನುಷ್ಯನನ್ನೂ ದನವನ್ನೂ ಯಾವ ಮಗುವಾದರೂ ಬರೆಯಬಲ್ಲದು.

ಮನೆಯಲ್ಲಿಯೇ ಇನ್ನೊಂದು ಬಣ್ಣದ ಆಟವಿದೆ. ಸಾಂಗಲಿ ಅರಿಷಿಣದ ಪೇಟೆಯೆಂದು ಹೆಸರಾದ ಊರು. ಅದರ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅರಿಷಿಣವನ್ನು ನೀರಲ್ಲಿ ಕಲಸಿ ಕಾಗದಕ್ಕೆ ಬಳಿಯಿರಿ. ಒಣಗಿದ ಮೇಲೆ ಸಾಬೂನಿನ ನೀರಲ್ಲಿ ಅದ್ದಿದ ಕಡ್ಡಿಯಿಂದ ಬರೆದರೆ ಗೆರೆ ಕೆಂಪಾಗಿ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ! ಸಾಬೂನು ಪ್ರತ್ಯಾಮ್ಲ, ನಿಂಬೆರಸ ಆಮ್ಲ. ಎಂಟನೆಯ ತರಗತಿಯವರು ತಮ್ಮ ತಮ್ಮಂದಿರಿಗೆ, ತಂಗಿಯರಿಗೆ ಇದನ್ನು ತೋರಿಸಿ ವಿಜ್ಞಾನದ ಪಾಠವನ್ನೂ ಗಟ್ಟಿಮಾಡಿಕೊಳ್ಳಲಿ.

ಹಬ್ಬ ಕೊಡುವ ಕೆಲಸ

ನಮ್ಮ ಹಿರಿಯರು ವರುಷದ ಉದ್ದಕ್ಕೂ ಮಕ್ಕಳ ಕೈಗೆ ಕೆಲಸ ಕೊಡುವಂತೆ ಹಬ್ಬಗಳನ್ನು ಜೋಡಿಸಿದ್ದಾರೆ. ಯುಗಾದಿಗೆ ಮಾವಿನ ಎಲೆ, ಬೇವಿನ ಹೂ ಪೋಣಿಸಿ ತೋರಣ. ಕಾರಹುಣ್ಣಿವೆಗೆ ಎತ್ತುಗಳ ಕೋಡಿಗೆ ಬಣ್ಣ. ನಮ್ಮ ಮರಾಠಿ ನೆರೆಯವರು ಇದನ್ನೇ ಕರ್ನಾಟಕಿ ಬೇಂದೂರ ಎನ್ನುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ದೀಪಾವಳಿಗೆ ಹೆಂಡಿಯ ಪಾಂಡವರು, ಅವರ ತಲೆಗೆ ಹೂವು. ಇವುಗಳಲ್ಲಿ ಒಂದಕ್ಕೂ ಹೆಚ್ಚಿನ ರೊಕ್ಕ ಬೇಡ.

ಮಣ್ಣೆತ್ತು ಮಾಡುವಾಗ ಒಂದು ತೊಡಕು ಬರುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಯಲ್ಲಿ ಬಿರುಕು ಬೀಳುವುದು ಇದೇ ಕಾರಣದಿಂದ. ಮಕ್ಕಳು ಮಾಡಿದ ಎತ್ತಿನ ಕಾಲು ಮುರಿಯುವುದೂ ಇದರಿಂದಲೇ. ಮಣ್ಣಿಗೆ ಸ್ವಲ್ಪ ಬೂದಿ ಅಥವಾ ಸಣ್ಣಗೆ ಕೊಚ್ಚಿದ ಹೊಟ್ಟು ಸೇರಿಸಿ, ಚೆನ್ನಾಗಿ ನಾದಿ, ಕಾಲುಗಳನ್ನು ಗಿಡ್ಡಗೆ ದಪ್ಪಗೆ ಮಾಡಿ, ನೆರಳಲ್ಲಿ ಒಣಗಿಸಿದರೆ ಎತ್ತು ಗಟ್ಟಿಯಾಗಿ ನಿಲ್ಲುತ್ತದೆ. ಪೂಜೆಯಾದ ಮೇಲೆ ಅದನ್ನು ಕೆಲವು ದಿನ ಮಾಡದಲ್ಲಿಯೋ ಕಿಟಕಿಯಲ್ಲಿಯೋ ಇಡಿ. ಪೇಟೆಯ ಗೊಂಬೆಗಿಂತ ಅದರ ಬೆಲೆ ಮಗುವಿನ ಕಣ್ಣಿಗೆ ಹೆಚ್ಚು.

ಚಳಿಗಾಲದ ಕೆಲಸ ಕೌದಿ. ಮರಾಠಿಯವರ ಗೋಧಡಿ, ವಾಕಳ ಎಂಬುದೂ ಇದೇ. ಹಳೆಯ ಇಲಕಲ್ಲ ಸೀರೆ, ಧೋತರ, ಮಕ್ಕಳ ಗಿಡ್ಡವಾದ ಅಂಗಿ ಇವನ್ನೆಲ್ಲ ತುಂಡು ಮಾಡಿ ಪದರಾಗಿ ಹಾಸಿ, ಸಾಲುಸಾಲಾಗಿ ದಾರ ಹಾಕುತ್ತ ಹೋಗುವುದು. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಎಂಬುದನ್ನು ಮಕ್ಕಳು ಆರಿಸಲಿ. ಕಣ್ಣು ಮಂಜಾದ ಅಜ್ಜಿಗೆ ಸೂಜಿಯಲ್ಲಿ ದಾರ ಪೋಣಿಸಿ ಕೊಡಲಿ. ಹಗಲು ಮಡಚಿಟ್ಟರೆ ಅದೇ ಕೋಣೆಯ ಅಲಂಕಾರ, ರಾತ್ರಿ ಹೊದ್ದರೆ ಬೆಚ್ಚನೆಯ ಹಾಸಿಗೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು ಇಂದು ದೊಡ್ಡ ಊರುಗಳ ಪ್ರದರ್ಶನಗಳನ್ನು ಸೇರಿವೆ. ನಮ್ಮ ಮನೆಯ ಕೌದಿಯನ್ನು ನಾವು ಅಟ್ಟಕ್ಕೆ ಎಸೆಯುವುದೇಕೆ?

ಮಕ್ಕಳ ಎತ್ತರ

ಇಟಲಿಯ ರೋಮ್ ನಗರದಲ್ಲಿ 1907ರಲ್ಲಿ ಮಾರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆ ಬಡವರ ಮಕ್ಕಳಿಗಾಗಿ 'ಮಕ್ಕಳ ಮನೆ'ಯನ್ನು ತೆರೆದರು. ಅಲ್ಲಿ ಕುರ್ಚಿ, ಮೇಜು, ಕಪಾಟು ಎಲ್ಲವೂ ಮಕ್ಕಳ ಅಳತೆಗೆ ಇದ್ದವು. ಈ ವಿಚಾರವನ್ನು ನಮ್ಮ ಹಳ್ಳಿಗಾಡಿಗೆ ಹೊಂದಿಸಿದವರು ತಾರಾಬಾಯಿ ಮೋಡಕ. ಅವರು 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಕೋಸಬಾಡದಲ್ಲಿ, ಅನುತಾಯಿ ವಾಘ ಅವರ ಜೊತೆಗೂಡಿ ವಾರಲಿ ಮೊದಲಾದ ಆದಿವಾಸಿಗಳ ಮಕ್ಕಳಿಗಾಗಿ ಕೆಲಸ ಮಾಡಿದರು. ಬೆಲೆಯುಳ್ಳ ಸಾಮಾನುಗಳ ಬದಲು ಕಲ್ಲು, ಬೀಜ, ಎಲೆ, ಮಣ್ಣು ಬಳಸಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು.

ಅಂಗಳವೇ ಶಾಲೆಯಾಗಬಲ್ಲದಾದರೆ ಪಡಸಾಲೆಯ ಒಂದು ಮೂಲೆ ಏಕಾಗಬಾರದು? ಮಗುವಿನ ಕೈ ಎಟಕುವ ಎತ್ತರದಲ್ಲಿ ಒಂದು ಗೂಟ ಬಡಿಯಿರಿ. ಪಾಟಿಚೀಲ ಅಲ್ಲಿ ತೂಗಲಿ. ಒಂದು ಹಳೆಯ ಪೆಟ್ಟಿಗೆ ಇಡಿ; ಅದರಲ್ಲಿ ಅದರ ಗೋಲಿ, ಗರಿ, ಬಣ್ಣದ ಕಲ್ಲು ಇರಲಿ. ಒಂದು ದಾರ ಕಟ್ಟಿ. ಅದು ಬರೆದ ಚಿತ್ರ ಅಲ್ಲಿ ಜೋತಾಡಲಿ. ವಸ್ತು ಎಲ್ಲಿಂದ ತೆಗೆದೆಯೋ ಅಲ್ಲಿಯೇ ಇಡಬೇಕೆಂಬ ಶಿಸ್ತನ್ನು ಬೈದು ಕಲಿಸುವುದಕ್ಕಿಂತ ಕೈಗೆಟಕುವ ಗೂಟ ಬೇಗ ಕಲಿಸುತ್ತದೆ.

ಎಚ್ಚರಿಕೆಯ ಮಾತು

ಇಷ್ಟಾದರೂ ಕೆಲವು ಎಚ್ಚರಿಕೆಗಳು ಅವಶ್ಯ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರಲೇಬಾರದು. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಡಮಾಡದೆ ಧಾರಾಳವಾದ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಣ್ಣೆತ್ತಿಗೂ ಗುಳ್ಳವ್ವನಿಗೂ ಕಣ್ಣಾಗಿ ಒತ್ತುವ ಗುಲಗಂಜಿ ನೋಡಲು ಚೆಂದ, ಆದರೆ ಅಗಿದರೆ ಕಡುವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಬದಲು ಜೋಳದ ಕಾಳು ಒತ್ತಿರಿ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಂಭವವುಂಟು; ಅದನ್ನು ಕೆರೆದ ಧೂಳು ಮಗುವಿನ ಬಾಯಿಗೆ ಹೋದರೆ ಮಿದುಳಿನ ಬೆಳವಣಿಗೆಗೆ ಕೇಡು. ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂದು ಗೊತ್ತುಪಡಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದುದನ್ನು ಓದಿಸಿ ನೋಡಿ. ನಿಮ್ಮ ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದಾರೆ.

ಮನೆಯೂ ಮಾತೂ

ಪಾಲಕರಲ್ಲಿ ಇನ್ನೊಂದು ಮಾತು. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯಾದ ಸೀಮೆ. ದೀಪಾವಳಿಯ ಸುಮಾರಿಗೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಬೇಸಿಗೆಯ ಹೊತ್ತಿಗೆ ತಿರುಗಿ ಬರುತ್ತವೆ. ಕೆಲವು ಮಕ್ಕಳು ತಂದೆತಾಯಿಯ ಜೊತೆಗೆ ಗುಡಿಸಲಿಗೆ ಹೋದರೆ, ಕೆಲವರು ಅಜ್ಜಿ ಮುತ್ಯಾರ ಹತ್ತಿರ ಉಳಿಯುತ್ತಾರೆ. ಅಪ್ಪ ಅವ್ವ ಕಣ್ಣಮುಂದೆ ಇಲ್ಲದ ಆ ತಿಂಗಳುಗಳಲ್ಲಿ ಅವರು ಜೊತೆಗೆ ಕುಳಿತು ಬಳಿದ ಗೋಡೆ, ಹೊಲಿದ ಕೌದಿ ಮಗುವಿನ ಪಾಲಿಗೆ ಬರಿಯ ವಸ್ತುಗಳಾಗಿ ಇರುವುದಿಲ್ಲ. ಹೊರಡುವ ಮೊದಲು ಒಂದು ದಿನ ಇದಕ್ಕಾಗಿ ತೆಗೆದಿಡಿ ಎಂದು ನಾವು ಕೇಳಿಕೊಳ್ಳುತ್ತೇವೆ. ಗುಡಿಸಲಿಗೆ ಹೋಗುವ ಮಗುವಿನ ಗಂಟಿನಲ್ಲಿ ಒಂದು ಹಿಡಿ ರಂಗೋಲಿ ಪುಡಿ ಇರಲಿ. ಎಲ್ಲಿ ರಂಗೋಲಿ ಬಿದ್ದಿತೋ ಅದೇ ಮನೆ.

ಕನ್ನಡ ಕಲಿಸುವವರಾದ ನಮಗೆ ಇದರಲ್ಲಿ ಮತ್ತೊಂದು ಕಾಳಜಿ ಇದೆ. ಕಚೇರಿಯಲ್ಲಿ, ಬಸ್ಸಿನ ಹಲಗೆಯ ಮೇಲೆ ನಮ್ಮ ಮಕ್ಕಳು ಕಾಣುವುದು ಮರಾಠಿ. ಅದನ್ನು ಅವರು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡಕ್ಕೆ ಇಲ್ಲಿ ಇರುವ ನೆಲೆಗಳು ಮುಖ್ಯವಾಗಿ ಎರಡೇ: ಶಾಲೆ ಮತ್ತು ಮನೆ. ಮನೆ ಬದಲಾದಂತೆ ಮಾತುಗಳೂ ಹೋಗುತ್ತವೆ. ಮಾಡ, ನೆಲುವು, ನಾಗೊಂದಿಗೆ, ಬೆಳಕಿಂಡಿ ಎಂದರೆ ತರಗತಿಯಲ್ಲಿ ಬಹಳ ಮಕ್ಕಳು ಸುಮ್ಮನೆ ಮುಖ ನೋಡುತ್ತಾರೆ. ಆ ವಸ್ತುಗಳೇ ಮನೆಯಲ್ಲಿ ಇಲ್ಲವಾದ ಮೇಲೆ ಅವರನ್ನು ದೂರಿ ಫಲವಿಲ್ಲ. ಆದರೆ ಸಾರಿಸು, ನಾದು, ಪೋಣಿಸು, ಹದಮಾಡು, ಒಪ್ಪಮಾಡು ಎಂಬ ಮಾತುಗಳು ಕೆಲಸದ ಮಾತುಗಳು. ಕೈ ಕೆಲಸ ಮಾಡುತ್ತಿರುವವರೆಗೆ ಅವು ಬಾಯಲ್ಲಿ ಇರುತ್ತವೆ. ಪಾಠಪುಸ್ತಕದಿಂದ ನಾವು ಅವುಗಳ ಅರ್ಥವನ್ನು ಹೇಳಬಹುದು, ರೂಢಿಯನ್ನು ಕೊಡಲಾರೆವು. ಅದನ್ನು ಕೊಡಬಲ್ಲವರು ನೀವು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮಗೊಂದು ಕೆಲಸ. ಮನೆಯ ಹಿರಿಯರನ್ನು ಕೇಳಿ, ಮನೆಗೂ ಮನೆಗೆಲಸಕ್ಕೂ ಸಂಬಂಧಿಸಿದ ಇಪ್ಪತ್ತು ಹಳೆಯ ಮಾತುಗಳನ್ನು ಬರೆದುಕೊಳ್ಳಿ. ಒಂದೊಂದರ ಪಕ್ಕದಲ್ಲಿ ಅದರ ಚಿತ್ರ ಬರೆಯಿರಿ. ನಿಮಗಿಂತ ಚಿಕ್ಕವರನ್ನು ಕರೆದು ಗೋಡೆಯ ಒಂದು ಪಟ್ಟಿಯನ್ನು ಅವರಿಗೆ ಬಿಟ್ಟುಕೊಡಿ. ಅವರು ಬರೆದ ಎತ್ತಿಗೆ ಐದು ಕಾಲು ಇದ್ದರೂ ನಗಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಒಕ್ಕಲುತನಕ್ಕೆ ಹೇಳುತ್ತೇವೆ; ಮನೆಯಲ್ಲಿ ಬೆಳೆಯುವ ಮಕ್ಕಳಿಗೂ ಅದು ಸಲ್ಲುತ್ತದೆ.