ಬರ್ಲಿನ್ನಿನ ಶಿಶುವಿಹಾರದಲ್ಲಿ ಕನ್ನಡದ ಕೂಸು

ಪರದೇಶದಲ್ಲಿ ಸಂಸಾರ ಹೂಡುವಾಗ ಮೊದಲು ಮನೆ, ಬಳಿಕ ಅಡಿಗೆ, ಮಗುವಿನ ಚಿಂತೆ ಕೊನೆಗೆ ಎಂದು ಅನೇಕರು ಎಣಿಸುತ್ತಾರೆ. ಉದ್ಯೋಗಾರ್ಥವಾಗಿ ಬೆಂಗಳೂರಿನಿಂದ ಬರ್ಲಿನ್ನಿಗೆ ತೆರಳುವ ತರುಣ ದಂಪತಿಗಳಿಗೆ ಈ ಎಣಿಕೆ ಬಹುಬೇಗ ತಲೆಕೆಳಗಾಗುತ್ತದೆ.

ಮನೆಯ ತಾಪತ್ರಯವೇನೂ ಸಣ್ಣದಲ್ಲ. ಬಾಡಿಗೆಮನೆ ಸೇರಿದ ಎರಡು ವಾರದೊಳಗೆ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯನ ಪತ್ರ ಬೇಕು. ಭಾನುವಾರ ಬಹುತೇಕ ಅಂಗಡಿಗಳು ತೆರೆಯವು. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆಗೆಲ್ಲ ಕತ್ತಲು. ಆದರೆ ಇವು ಹಿರಿಯರ ಕಷ್ಟಗಳು. ಕೆಲವು ತಿಂಗಳಲ್ಲಿ ರೂಢಿಯಾಗುತ್ತವೆ.

ಮಗುವಿನ ಸಂಗತಿಯೇ ಬೇರೆ. ಒಂದು ವರ್ಷ ತುಂಬಿದ ಕೂಸಿಗೆ ಶಿಶುಪಾಲನೆಯ ಸ್ಥಳ ದೊರೆಯಬೇಕೆಂಬ ಹಕ್ಕನ್ನು ಜರ್ಮನಿಯ ಕಾನೂನು 2013ರ ಆಗಸ್ಟಿನಿಂದ ನೀಡಿದೆ. ಬರ್ಲಿನ್ನಿನಲ್ಲಿ 2018ರಿಂದ ಶುಲ್ಕವೂ ಇಲ್ಲ, ಊಟದ ಅಲ್ಪ ವೆಚ್ಚ ಮಾತ್ರ. ಹಕ್ಕಿದ್ದರೂ ಸ್ಥಳಕ್ಕಾಗಿ ಅಲೆದಾಟ ತಪ್ಪಿದ್ದಲ್ಲ, ಆ ಮಾತು ಬೇರೆ.

ಸ್ಥಳ ದೊರೆತ ಮೇಲೆ ಒಗ್ಗಿಸುವ ಕ್ರಮವೊಂದುಂಟು. ‘ಬರ್ಲಿನ್ ಮಾದರಿ’ ಎಂದೇ ಅದರ ಹೆಸರು. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಸುಮಾರು ಒಂದು ಗಂಟೆ ಅಲ್ಲಿಯೇ ಕುಳಿತು, ಅದನ್ನು ಕರೆದುಕೊಂಡು ಹಿಂದಿರುಗಬೇಕು. ನಾಲ್ಕನೆಯ ದಿನ ‘ಹೋಗಿ ಬರುತ್ತೇನೆ’ ಎಂದು ಹೇಳಿಯೇ ಸ್ವಲ್ಪ ಹೊತ್ತು ಹೊರಗೆ ಹೋಗಬೇಕು. ಅತ್ತ ಮಗು ಶಿಕ್ಷಕಿಯ ಮಡಿಲಲ್ಲಿ ಸಮಾಧಾನಗೊಂಡರೆ ಅಗಲಿಕೆಯ ಅವಧಿಯನ್ನು ಬೆಳೆಸುವುದು. ಇಲ್ಲವಾದರೆ ಇನ್ನಷ್ಟು ದಿನ ಕಾಯುವುದು. ಮಗುವಿನ ಕಣ್ಣು ತಪ್ಪಿಸಿ ಓಡಿಬರುವ ತಾಯಂದಿರು ನಮ್ಮಲ್ಲಿ ಉಂಟಷ್ಟೆ. ಅಲ್ಲಿ ಅದು ಕೂಡದು. ನಮ್ಮ ಶಿಶುವಿಹಾರಗಳು ಅನುಕರಿಸಬೇಕಾದ ಪದ್ಧತಿಯಿದು.

ಆದರೆ ‘ನೀರು’ ಎಂದರೆ ಆ ಶಿಕ್ಷಕಿಗೇನು ತಿಳಿದೀತು? ಜಾಣ ತಾಯಂದಿರು ನೀರು, ಹಸಿವು, ನೋವು, ಅಮ್ಮ ಮುಂತಾದ ಹತ್ತಾರು ಮಾತುಗಳನ್ನು ಜರ್ಮನ್ ಅರ್ಥದೊಡನೆ ಬರೆದು ಅವಳ ಕೈಗಿಡುತ್ತಾರೆ. ಆದರೂ ಎಷ್ಟೋ ಮಕ್ಕಳು ಅಲ್ಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಅಲ್ಲಿ ಮೂಕವಾದುದನ್ನು ಕಂಡು ಹೆತ್ತವರ ಎದೆ ಒಡೆಯುತ್ತದೆ. ಹೊಸ ಭಾಷೆಯನ್ನು ಕಿವಿಯಲ್ಲಿ ತುಂಬಿಕೊಳ್ಳುವ ಮೌನ ಇದಾಗಿರಬಹುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬಳಿಕ ಒಂದು ದಿನ ಜರ್ಮನ್ ಮಾತು ಹೊರಡುತ್ತದೆ. ಹೆತ್ತವರು ಇನ್ನೂ ವ್ಯಾಕರಣದಲ್ಲಿ ಎಡವುತ್ತಿರುವಾಗಲೇ ಮಗು ಮುಂದೆ ಓಡುತ್ತದೆ. ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟ ಕಿಟ್ಟೆಲರಂತೆ ಎಲ್ಲ ಹಿರಿಯರೂ ಇರಲು ಸಾಧ್ಯವೆ?

ನಿಜವಾದ ಆತಂಕ ಆರಂಭವಾಗುವುದು ಆಮೇಲೆ. ಕನ್ನಡದ ಪ್ರಶ್ನೆಗೆ ಮಗು ಜರ್ಮನಿನಲ್ಲಿ ಉತ್ತರಿಸುತ್ತದೆ. ಅದಕ್ಕೆ ಉಪಕಾರವಾಗಲೆಂದು ಕೆಲವರು ಮನೆಯಲ್ಲಿಯೂ ಹರಕುಮುರಕು ಜರ್ಮನ್ ಆಡತೊಡಗುತ್ತಾರೆ. ಇದು ಅನಗತ್ಯ, ಎಳೆಯ ಮಗು ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯಬಲ್ಲದು, ಕಿವಿಗೆ ಎರಡೂ ಬೀಳುತ್ತಿರಬೇಕು, ಅಷ್ಟೆ.

ಭಾನುವಾರ ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ ಅಜ್ಜಿ, “ಊಟ ಆಯಿತೇನೋ ಪುಟ್ಟಾ?” ಎಂದು ಕೇಳುತ್ತಾರೆ. ಮಗು “ಯಾ” ಎಂದು ತಲೆಯಾಡಿಸುತ್ತದೆ. ಪಕ್ಕದಲ್ಲಿ ಕುಳಿತ ತಾಯಿ ತಾನು ಉತ್ತರ ಕೊಡದೆ ಕಾಯುತ್ತಾಳೆ. ಅಜ್ಜಿ, “ಏನು ಊಟ ಮಾಡಿದೆ?” ಎಂದು ಮತ್ತೆ ಕೇಳುತ್ತಾರೆ.